ಎಲ್ಮ್ ಕಟ್ಟಿನ ಒಂಬತ್ತನೇ ಹಾಳೆ

ಅಕ್ಟೋಬರ್ ೬, ಸೋಮವಾರ

ವರ್ಕ್‌ಶಾಪಿನಲ್ಲಿ ಅಂಟಿನ ಡಬ್ಬ ತೊಳೆದೆ. ಹಾಳೆ ಒತ್ತಿ ಅಂಟಿಸೋ ಪ್ರೆಸ್ ಬಿಸಿಗಿಟ್ಟೆ. ಹತ್ತಕ್ಕೆ ಮೆರೆಟೆ ಬಂದಳು — ಎಸ್ಕಿಲ್‌ನ ಹಳೇ ಗೆಳತಿ, ನನ್ನನ್ನು ಮದುವೆಯಾಗೋಕೆ ಮುಂಚಿನವಳು. ಡಿವೋರ್ಸ್ ಆಗಿ ನಮ್ಮೂರು ಫೋಬೋರ್‌ಗೇ ವಾಪಸ್. ಹೊಸ ಮನೆ, ಹೊಸ ಕಿಚನ್. ಇಡೀ ಡೆನ್ಮಾರ್ಕಿನಲ್ಲಿ ಬಡಗಿ ಅಂದರೆ ನನ್ನ ಗಂಡ ಒಬ್ಬನೇ.

ಎಸ್ಕಿಲ್ ಕಪಾಟಿನ ಬಾಗಿಲಿಗೆ ಅಂಟಿಸೋ ವೆನೀರ್, ಮರದ ತೆಳು ಹಾಳೆಗಳನ್ನು ತೋರಿಸಿದ. ಆ್ಯಶ್ ಮರ, ನೇರ ಸೀಳು — ಗೆರೆ ಎಳೆದಂಥ ಎಳೆ. ಓಕ್, ಅಗಲ ಸೀಳು — ಬೆಟ್ಟದ ತುದಿಗಳಂತೆ. ಮೆರೆಟೆ "ಆ್ಯಶೇ ಸಾಕು" ಅಂದಳು. ನಾಟಕ. ಅವನು ಏಣಿ ಹತ್ತಿ ಎಲ್ಮ್ ಹಾಳೆಗಳ ಕಟ್ಟು ಇಳಿಸಿದ.

ನಮ್ಮ ಎಲ್ಮ್. ಅವನ ಅಪ್ಪನ ಅಂಗಳದ ಮರ, ರೋಗ ಬಿದ್ದು ಕಡಿದಾಗ ಸೀಳಿಸಿದ್ದು. ಹನ್ನೊಂದು ವರ್ಷದಿಂದ "ನಮ್ಮ ಅಡುಗೆಮನೆಗೆ" ಅಂತ ಎತ್ತಿಟ್ಟದ್ದು. ನಮ್ಮ ಕಪಾಟಿಗೆ ಇವತ್ತಿಗೂ ಬಾಗಿಲಿಲ್ಲ, ಪರದೆ.

ಅಕ್ಟೋಬರ್ ೭

ಊಟಕ್ಕೆ ಕೂತಾಗ ಕೇಳಿದೆ.

"ಅದು ನಮ್ದಲ್ವಾ?"

"ಇನ್ನೆಷ್ಟು ವರ್ಷ ಧೂಳು ತಿನ್ಬೇಕು ಬೋದಿಲ್? ಅವಳ ಮನೇಲಿ ಒಳ್ಳೆ ಬೆಳಕಿದೆ."

"ನಮ್ಮನೇಲಿ ಕತ್ತಲೆನಾ?"

ರೈ ಬ್ರೆಡ್ಡಿನ ಮೇಲೆ ಹೆರಿಂಗ್ ಮೀನು ಇಟ್ಟುಕೊಂಡು ತಿಂದ. ಹೊಟ್ಟೆಕಿಚ್ಚು — ಹೌದು. ಇಲ್ಲಿ ಬರೆಯೋಕೆ ಯಾತರ ನಾಚಿಕೆ.

ಅಕ್ಟೋಬರ್ ೧೭

ಇಪ್ಪತ್ತು ಹಾಳೆ ನೆಲದ ಮೇಲೆ ಹರಡಿದ, ದಿಮ್ಮಿಯಿಂದ ಸೀಳಿ ಬಂದ ಕ್ರಮದಲ್ಲೇ. ತುದಿಯಲ್ಲಿ ನಂಬರ್. ಕ್ರಮ ತಪ್ಪದಿದ್ದರೇನೇ ಎಳೆ ಬಾಗಿಲಿಂದ ಬಾಗಿಲಿಗೆ ಹರಿಯೋದು. ಮೆರೆಟೆ ಶೂ ಬಿಚ್ಚಿ ಪಕ್ಕದಲ್ಲೇ ಮಂಡಿಯೂರಿದಳು. ಅವಳು ಏನೋ ಅಂದಳು, ಇವನು ನಕ್ಕ. ನನ್ನ ಜೊತೆ ಹಾಗೆ ನಕ್ಕು ಎಷ್ಟು ಕಾಲವಾಯಿತೋ.

"ನಾಳೆ ಬೋದಿಲ್ ಜೋಡಿಸ್ತಾಳೆ. ಇವಳ ಕೈ ತಪ್ಪಲ್ಲ," ಅಂದ ಅವಳಿಗೆ.

ಅಕ್ಟೋಬರ್ ೧೮, ಶನಿವಾರ

ಅಳತೆ ನೋಡೋಕೆ ಅಂತ ಅವಳ ಮನೆಗೆ ಹೋದ. ಮೂರನೇ ಸಲ.

ಒಂಬತ್ತನೇ ಹಾಳೆ ಹದಿನಾಲ್ಕರ ಜಾಗಕ್ಕೆ. ಹದಿನಾಲ್ಕು ಒಂಬತ್ತರ ಜಾಗಕ್ಕೆ. ನಂಬರ್ ಅಳಿಸಿ ತಿದ್ದಿದೆ. ಮೇಲೆ ಪೇಪರ್ ಟೇಪ್, ಏನೂ ಕಾಣದು. ಅಂಟು ಹಚ್ಚಿ ಪ್ರೆಸ್ಸಿಗೆ ಹಾಕಿದೆ. ಅಂಟಿದ ಮೇಲೆ ಬಿಡಿಸೋಕಾಗದು.

ಅಕ್ಟೋಬರ್ ೨೦

ಟೇಪ್ ಉಜ್ಜಿ ತೆಗೆದ. ಎರಡು ಬಾಗಿಲಲ್ಲಿ ಎಳೆ ಕಡಿದು ನಿಂತಿದೆ. ಕಸದ ಡಬ್ಬದಲ್ಲಿ ಕೈಹಾಕಿ, ಕತ್ತರಿಸಿ ಎಸೆದಿದ್ದ ತುದಿ ಹುಡುಕಿದ. ಅಳಿಸಿದ ಒಂಬತ್ತು, ಅದರ ಮೇಲೆ ನನ್ನ ಅಕ್ಷರದ ಹದಿನಾಲ್ಕು. ಜೇಬಿಗಿಟ್ಟ. ಮೆರೆಟೆಗೆ ಫೋನ್ ಮಾಡಿದ:

"ತಪ್ಪು ನಂದೇ. ಹಾಳೆ ಅದಲು ಬದಲು ಮಾಡ್ಬಿಟ್ಟೆ."

ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು...

ನವೆಂಬರ್ ೧೫

ಮೆರೆಟೆಗೆ ಆ್ಯಶ್ ಬಾಗಿಲೇ ಹಾಕಿ ಮುಗಿಯಿತು. ಇವತ್ತು ಕೇಕ್ ಹಿಡಿದು ಬಂದಳು.

"ಎಲ್ಮ್ ಬೇಡ, ಅದು ಬೋದಿಲ್‌ದು ಅಂತ ಎಷ್ಟು ಸಲ ಹೇಳ್ದೆ ಗೊತ್ತಾ? ಇವನೇ ಕೇಳ್ಲಿಲ್ಲ."

ನಾಟಕ ಅಲ್ಲ. ಕೊಟ್ಟವನು ಅವನೇ.

ನವೆಂಬರ್ ೧೬, ಭಾನುವಾರ

ಎಲ್ಮ್ ಬಾಗಿಲುಗಳನ್ನು ಅಳತೆಗೆ ಕೊಯ್ದು ನಮ್ಮ ಕಪಾಟಿಗೆ ಹಾಕಿದ. ಎಳೆ ಕಡಿದ ಎರಡನ್ನು ಕೆಳಗಿನ ಮೂಲೆಗೆ ಹಾಕಬಹುದಿತ್ತು. ಸಿಂಕಿನ ಮೇಲೆ ಹಾಕಿದ, ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕೆ. ನಂಬರಿದ್ದ ಆ ಚೂರನ್ನು ಜೇಬಿಂದ ತೆಗೆದು ಕಾಫಿ ಕಪ್ಪುಗಳ ಪಕ್ಕ ಇಟ್ಟ.

"ನಿಂಗೆ ಬೇಕಿತ್ತಲ್ಲ." ಜಗಳದ ದನಿಯಲ್ಲ.

"ಬೇಕಿತ್ತು. ಆದ್ರೆ ನೀನು ಅವಳಿಗೆ ಯಾಕೆ—"

"ಬರ್ತೀನಿ. ಅವಳ ಬಾಗಿಲೊಂದು ಚೌಕಟ್ಟಿಗೆ ಉಜ್ಜುತ್ತಂತೆ, ಹಿಂಜ್ ನೋಡ್ಬೇಕು."

ಮೂರಕ್ಕೆ ಕಾರು ಹೊರಟಿತು. ನಮ್ಮ ಬಾಗಿಲು ಒಂದೊಂದಾಗಿ ತೆಗೆದು ಹಾಕಿ ನೋಡಿದೆ. ಒಂದೂ ಉಜ್ಜುವುದಿಲ್ಲ.

ಈಗ ಆರು. ಒಂದು ಹಿಂಜ್ ತಿರುಪೋಕೆ ಹತ್ತು ನಿಮಿಷ. ಇನ್ನೂ ಕಾರಿನ ಸದ್ದಿಲ್ಲ.