ಮೂರನೇ ಕಡೆ ಸಿಕ್ಕ ಉತ್ತರ

ಅಕ್ಕಾ,

ನೀನು ಗೋಡೆ ಮೇಲಿನ ಫೋಟೋ ಆಗಿ ವರ್ಷವಾಯ್ತು. ಇದನ್ನ ಓದಲ್ಲ ಅಂತ ಗೊತ್ತು, ಆದ್ರೂ ಹೇಳ್ತೀನಿ.

ಇವತ್ತು ನಮ್ಮ ಲೈಬ್ರರಿಗೆ ಒಬ್ಬ ಬಸ್ ಡ್ರೈವರ್ ಬಂದಿದ್ದ. ಕಂಪ್ಯೂಟರ್ ಮುಂದೆ ಕೂತು, "ಮೇಡಂ, ಕತ್ತಿನ ಗಂಟು ನೋಯದಿದ್ರೆ ಅಪಾಯ ಇಲ್ಲ ಅಂತ ಎಲ್ಲಿ ಬರೆದಿರತ್ತೆ?" ಅಂದ.

ಉತ್ತರ ನೀವೇ ಇಟ್ಟುಕೊಂಡು ಕೇಳಿದ್ರೆ ಅದೇ ವಾಪಸ್ ಬರತ್ತೆ, ಬರೀ ಕತ್ತಿನ ಗಂಟು ಅಂತ ಹಾಕಿ, ಬರೆದವರು ಯಾರು ನೋಡಿ ಅಂದೆ. ತಲೆಯಾಡಿಸಿ ತನ್ನಿಷ್ಟದಂತೆಯೇ ಒತ್ತಿದ. ಒಂದು ಸರ್ಚ್ ಸೈಟ್ ಒಪ್ಪಲಿಲ್ಲ ಅಂತ ಇನ್ನೊಂದು, ಅದೂ ಒಪ್ಪಲಿಲ್ಲ ಅಂತ ಮತ್ತೊಂದು. ನೀನು ಮೆಚ್ಚಿದ ಬಣ್ಣ ನಿನಗೆ ಒಪ್ಪತ್ತೆ ಅಂತ ಒಬ್ಬನಾದ್ರೂ ಹೇಳೋ ತನಕ ನೀನು ಬಟ್ಟೆ ಅಂಗಡಿ ಸುತ್ತುತ್ತಿದ್ದೆಯಲ್ಲ, ಹಾಗೆ. ಮೂರನೇ ಕಡೆ, ಯಾರೋ ಗಂಟಿಗೆ ಹಚ್ಚೋ ಎಣ್ಣೆ ಮಾರೋರ ಪುಟದಲ್ಲಿ, ಸಿಕ್ಕೇಬಿಡ್ತು.

"ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!" ಅಂತ ನಕ್ಕ. ಅವತ್ತು ನಿನ್ನ ಗಂಟಿನ ವಿಷಯಕ್ಕೆ ಫೋನನ್ನ ನನ್ನ ಮುಖಕ್ಕೆ ಹಿಡಿದು, "ನೋಡೇ, ಏನೂ ಇಲ್ವಂತೆ" ಅಂದೆಯಲ್ಲ, ಅದೇ ನಗು.

ಡಾಕ್ಟರಿಗೆ ತೋರಿಸಿ ಅಂತ ಬಾಗಿಲ ತನಕ ಹೇಳಿಕೊಂಡೇ ಹೋದೆ. "ಆಯ್ತಾಯ್ತು" ಅಂದ, ಥೇಟ್ ನಿನ್ನ ಹಾಗೆ.

ಆಮೇಲೆ ಅವನ ಕುರ್ಚಿಯಲ್ಲಿ ಕೂತು ನೆಟ್ಟಗೆ ಹುಡುಕಿದೆ. ಅವನು ನೋಡಿದ ಆ ಮೂರೂ ಸರ್ಚ್ ಸೈಟಲ್ಲಿ, ದೊಡ್ಡಾಸ್ಪತ್ರೆಯವರು ಬರೆದ ಪುಟದ ಮೊದಲ ಸಾಲಲ್ಲೇ ಇತ್ತು: ನೋವಿಲ್ಲದಿದ್ದರೂ ತಡಮಾಡದೆ ತೋರಿಸಿ.

ಹುಡುಕೋಕೆ ಒಂದು ನಿಮಿಷವೂ ಹಿಡಿಯಲಿಲ್ಲ, ಅಕ್ಕಾ.