ಎಡಗಡೆಯ ಗುಂಡಿಗಳು

ಪುಟ್ಟಿ,

ಕೆಟ್ಟುಹೋದ ನಮ್ಮ ವಿಡಿಯೋ ಗೇಮನ್ನು ಇವತ್ತು ಅಂಗಡಿಗೆ ಒಯ್ದೆ. ಚಿಕ್ಕಂದಿನಲ್ಲಿ ಅಂಟಿಕೊಂಡು ಕೂತು ಇಬ್ಬರೂ ಒಟ್ಟಿಗೆ ಹಿಡಿಯುತ್ತಿದ್ದೆವಲ್ಲ, ಗೊಂಬೆಯನ್ನು ನಡೆಸುವ ಎಡಗಡೆಯ ಗುಂಡಿಗಳು ನಿನ್ನವು, ಹಾರಿಸುವ ಬಲಗಡೆಯದು ನನ್ನದು. "ಅಕ್ಕಾ, ಹಾರಿಸೇ ಬೇಗ!" ಎಂದು ನೀನು ಕಿರುಚುತ್ತಿದ್ದೆ.

ರಿಪೇರಿಯವನು ಬಿಚ್ಚಿ ನೋಡಿದ. "ಬಲಗಡೆ ಗುಂಡಿ ಹೋಗಿದೆ ಮೇಡಂ. ಈ ಮುದುಕನ್ನ ಬಿಟ್ಟು ಹೊಸದು ತಗೊಳ್ಳಿ."

"ಎಡಗಡೆ?"

"ಅದಕ್ಕೇನಾಗಿದೆ, ಗುಂಡುಕಲ್ಲಿನ ಹಾಗಿದೆ."

ತೀರಿಹೋದವಳು ನೀನು, ಕೆಟ್ಟಿದ್ದು ನನ್ನ ಬದಿ. ಹೊಸದು ಬೇಡವೆಂದು ರಿಪೇರಿಯನ್ನೇ ಮಾಡಿಸಿದೆ.

"ಆಡಿ ನೋಡಿ" ಎಂದು ಕೊಟ್ಟ. ಬಲಗಡೆ ಒತ್ತಿದೆ. ಗೊಂಬೆ ನಿಂತಲ್ಲೇ ಹಾರಿತು.

"ಇನ್ನೊಂದು ಕೈಯನ್ನೂ ಹಾಕಿ ಮೇಡಂ, ಪಾಪ, ಅದು ಮುಂದೆ ಹೋಗ್ಬೇಕಲ್ಲ" ಎಂದು ನಕ್ಕ.

ನಿನ್ನ ಬದಿಗೆ ಕೈ ಹೋಗಲಿಲ್ಲ, ಪುಟ್ಟಿ. ಸರಿಯಾಗಿದೆ ಎಂದು ಹೇಳಿ ಎದ್ದುಬಂದೆ.