ಸುದ್ದಿ ತಂದವರು ಆ ಬಾಗಿಲವರೆಗೆ ನಡೆಯಲಿ

ನಗರದ ಶಾಂತಿಯನ್ನು ಗುತ್ತಿಗೆ ಹಿಡಿದಿರುವ ಹಿರಿಯ ಅಧಿಕಾರಿಗಳೇ,

ಕೊಡುತ್ತೇವೆ ಎಂದಿರಿ: ಬೀದಿಯ ತಿರುವಿಗೊಂದು ದೀಪ, ಸಂಜೆ ಗಸ್ತಿಗೊಬ್ಬ ಪೇದೆ, ನಮ್ಮ ಬೀದಿ ಸಮಿತಿ ಕೂರಲು ನೀರಿನ ಟ್ಯಾಂಕಿನ ಪಕ್ಕದ ಕೋಣೆ. ದೀಪ ಬರಲಿಲ್ಲ. ಪೇದೆ ಬರಲಿಲ್ಲ. ಕೋಣೆ ಕೊಟ್ಟಿರಿ, ಆಮೇಲೆ ಬೀಗ ಜಡಿದಿರಿ. ನಾವು 'ಅನಧಿಕೃತ ಕೂಟ'ವಂತೆ. ನಮ್ಮ ಜಾಗಕ್ಕೆ ನೀವೇ ಒಂದು ಶಾಂತಿ ಸಮಿತಿ ನೇಮಿಸಿದಿರಿ. ಅದರಲ್ಲಿ ನಮ್ಮ ಬೀದಿಯವರು ಒಬ್ಬರೂ ಇಲ್ಲ. ಸಭೆ ಠಾಣೆಯಲ್ಲಿ, ಬಿಸ್ಕತ್ತು, ಫೋಟೋ, ಚಪ್ಪಾಳೆ. ಶಾಂತಿಗೆ ಇನ್ನೇನು ಬೇಕು?

ನಮ್ಮ ಬೀದಿಯ ಎರಡು ಬದಿಗೆ ಎರಡು ಮತದ ಜನ. ದೇವರು ಬೇರೆ, ನಲ್ಲಿ ಒಂದೇ. ನಮ್ಮ ಸಮಿತಿಗೆ ಮೊಹರಿರಲಿಲ್ಲ, ಒಂದು ಕಟ್ಟಳೆ ಇತ್ತು. ಯಾರ ಮೇಲೆ ಏನೇ ಸುದ್ದಿ ಬರಲಿ, ತಂದವರು ಆ ಮನೆಯ ಬಾಗಿಲವರೆಗೆ ನಡೆದು, ಅದೇ ಮಾತನ್ನು ಅವರ ಮುಖಕ್ಕೆ ಹೇಳಬೇಕು. ಜೊತೆಗೆ ಈ ಬದಿಯಿಂದ ನಾನು, ಆ ಬದಿಯಿಂದ ಸೂಲಗಿತ್ತಿ. ಎಷ್ಟೋ ಸುದ್ದಿಗಳು ದಾರಿಯಲ್ಲೇ ಸತ್ತವು. ಒಮ್ಮೆ ಹಾಲಿನವನು, ಆ ಬದಿಯ ಗೋದಾಮಿನಲ್ಲಿ ಕತ್ತಿ ಬಚ್ಚಿಟ್ಟಿದ್ದಾರೆಂದು ಬೊಬ್ಬೆ ಹಾಕಿದ. "ಬಾರಪ್ಪ, ಹೋಗಿ ಕೇಳೋಣ" ಎಂದೆ. ನಾಲ್ಕು ಮನೆ ದಾಟುವಷ್ಟರಲ್ಲಿ, "ಅಕ್ಕಾ, ನಾನೇನು ಕಣ್ಣಾರೆ ನೋಡಿಲ್ಲ, ಯಾರೋ ಅಂದ್ರು" ಎಂದ.

"ಆ ಯಾರೋ ಅನ್ನೋನ ಮನೆ ಎಲ್ಲೋ? ಮೊದಲು ಅಲ್ಲಿಗೇ ಹೋಗೋಣ ನಡಿ" ಎಂದಳು ಸೂಲಗಿತ್ತಿ.

ಅವನಿಗೆ ತಟ್ಟನೆ ಹಾಲು ಒಡೆಯುವ ಚಿಂತೆ ಹತ್ತಿತು! ನಕ್ಕೆವು. ಅಂದು ಬೀದಿ ಉಳಿಯಿತು.

ಕಳೆದ ತಿಂಗಳು ಯಾರೂ ನಗಲಿಲ್ಲ. ನನ್ನ ತಂಗಿಯ ಗಂಡ ಸೈಕಲ್ ರಿಪೇರಿಯವನು. ನಿಮ್ಮ ದೀಪವಿಲ್ಲದ ತಿರುವಿನಲ್ಲಿ ಚರಂಡಿಗೆ ಬಿದ್ದಿದ್ದ ಆ ಬದಿಯ ಹುಡುಗಿಯನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. 'ಮಕ್ಕಳ ಕಳ್ಳ' ಎಂಬ ಸಂದೇಶ ಮೊಬೈಲುಗಳಲ್ಲಿ ಅವನಿಗಿಂತ ಮೊದಲೇ ಆಸ್ಪತ್ರೆ ಮುಟ್ಟಿತ್ತು. ಕಳಿಸಿದವರು ಯಾರು? ನೀವು ನೇಮಿಸಿದ ಶಾಂತಿ ಸಮಿತಿಯ ಅಧ್ಯಕ್ಷರು! 'ಮುನ್ನೆಚ್ಚರಿಕೆಗಾಗಿ' ಅಂತೆ. ಗೇಟಿನಲ್ಲೇ ಅವನನ್ನು ಕೆಡವಿದರು. ಕೈ ಹಾಕಿದವರಲ್ಲಿ ನಮ್ಮ ಬೀದಿಯವರೂ ಇದ್ದರು. ಆ ಹಾಲಿನವನೂ ಇದ್ದ. "ಮಾಮನ್ನ ಹೊಡೀಬೇಡಿ" ಎಂದು ಹುಡುಗಿ ಕಿರುಚಿದ್ದು ಯಾರಿಗೂ ಕೇಳಲಿಲ್ಲ. ಚಕ್ರದ ಕಡ್ಡಿ ಬಿಗಿಯುತ್ತಿದ್ದ ಬಲಗೈ ಬೆರಳುಗಳು ಇನ್ನು ಮಡಚುವುದಿಲ್ಲವಂತೆ.

ಮರುದಿನ ನಿಮ್ಮ ಕಚೇರಿ ಹೇಳಿತು: 'ಪರಿಸ್ಥಿತಿ ನಿಯಂತ್ರಣದಲ್ಲಿದೆ.' ಯಾರ ನಿಯಂತ್ರಣದಲ್ಲಿ, ಸ್ವಾಮಿ?

ಈಗ ತಂಗಿ ಪಾತ್ರೆಗಳನ್ನು ಮೂಟೆ ಕಟ್ಟುತ್ತಿದ್ದಾಳೆ. ಸೋಮವಾರ ಬೆಳಿಗ್ಗೆಗೆ ಗಾಡಿ ಗೊತ್ತುಮಾಡಿದ್ದಾಳೆ. "ನೀನು ಹೋದ್ರೆ ಸುಳ್ಳೇ ನಿಜ ಆಗುತ್ತಲ್ಲೇ ತಾಯಿ" ಎಂದು ಸೂಲಗಿತ್ತಿ ಗೋಗರೆದಳು. ತಂಗಿ ತಲೆಯೆತ್ತದೆ ಹೇಳಿದಳು: "ಹಂಗಾದ್ರೆ ಹಬ್ಬಿಸಿದೋನು ನಮ್ಮ ಬಾಗಿಲಿಗೆ ಬಂದು ಹೇಳ್ಲಿ. ಆಮೇಲೆ ಇರೋದಾ ಹೋಗೋದಾ ನೋಡ್ತೀನಿ."

ಆದ್ದರಿಂದ ಈ ಸಲ ದೀಪ ಕೇಳುತ್ತಿಲ್ಲ. ಕೋಣೆಯ ಬೀಗ ತೆಗೆಯಿರಿ. ನಿಮ್ಮ ಅಧ್ಯಕ್ಷರನ್ನು ತಂಗಿಯ ಬಾಗಿಲಿಗೆ ಕಳಿಸಿ. ಜೀಪಿನಲ್ಲಲ್ಲ, ಕಾಲ್ನಡಿಗೆಯಲ್ಲಿ. ಒಂದು ಪಕ್ಕ ನಾನಿರುತ್ತೇನೆ, ಇನ್ನೊಂದು ಪಕ್ಕ ಸೂಲಗಿತ್ತಿ. ಮಡಚದ ಆ ಬೆರಳುಗಳನ್ನು ನೋಡುತ್ತಾ, ಬೆರಳತುದಿಯಲ್ಲಿ ಒತ್ತಿ ಕಳಿಸಿದ ಆ ಎರಡು ಪದಗಳನ್ನು ಅವರು ಬಾಯಿಬಿಟ್ಟು ಹೇಳಲಿ. ಬೀಗ ತೆಗೆಯದಿದ್ದರೆ ಬೀಗದ ಮುಂದೆಯೇ ಕೂರುತ್ತೇವೆ. ನೆಲಕ್ಕೆ ನಿಮ್ಮ ಅನುಮತಿ ಬೇಕಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ಅನಧಿಕೃತಳು,
ಬೀದಿಯ ಬಾಯಲ್ಲಿ ಇಸ್ತ್ರಿ ಅಂಗಡಿಯಕ್ಕ

ತಂಗಿಯ ಗಾಡಿ ಸೋಮವಾರ ಬೆಳಿಗ್ಗೆ. ನಮ್ಮ ಸಭೆ ಭಾನುವಾರ, ಸಂಜೆ ಐದು ಗಂಟೆಗೆ.